ಹಿಂದಿನ ಹೆಗಲು

ವಾಡಿ ಸ್ಟೇಷನ್ನಿನ ಎದುರಿಗಿದ್ದ ಆ ದವಾಖಾನೆಗೆ ತಿಂಗಳಿಗೊಮ್ಮೆ, ಎರಡನೇ ಸೋಮವಾರ, ಹೈದರಾಬಾದಿನಿಂದ ಎಲುಬಿನ ಡಾಕ್ಟರು ಬರುತ್ತಿದ್ದರು. ಬೆಳಗಿನ ರೈಲಿಗೆ ಇಳಿದು ಸಂಜೆಯ ರೈಲಿಗೆ ಹತ್ತಿ ಹೋಗುವ ಮನುಷ್ಯ. ಆ ಎರಡು ರೈಲುಗಳ ನಡುವೆ ಸುತ್ತಲಿನ ಊರುಗಳ ಸೊಂಟ, ಮೊಣಕಾಲು, ಕುತ್ತಿಗೆಗಳೆಲ್ಲ ಅವರ ಮುಂದೆ ಹಾಜರಾಗಬೇಕು. ಚಿಂಚೋಳಿ ಕಡೆಯವರು ಹಿಂದಿನ ದಿನವೇ ಬಂದು ಪ್ಲಾಟ್‌ಫಾರ್ಮಿನಲ್ಲಿ ಬಿದ್ದುಕೊಂಡಿರುತ್ತಿದ್ದರು. ಸೇಡಂನವರು ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಶಹಾಬಾದಿನವರಿಗೆ ಹತ್ತಿರ, ಪ್ಯಾಸೆಂಜರ್ ಹಿಡಿದರೆ ಅರ್ಧ ತಾಸು. ಆದರೆ ನೋವಿದ್ದವನಿಗೆ ಹತ್ತಿರದ ಊರು ಅಂತ ಒಂದಿಲ್ಲ. ಅಂಬರಾಯ ಆ ಅರ್ಧ ತಾಸನ್ನೂ ಬಾಗಿಲ ಕಂಬಿ ಹಿಡಿದು ನಿಂತೇ ಕಳೆದಿದ್ದ. ಕೂತರೆ ಏಳುವುದು ಅವನ ಕೈಯಲ್ಲಿರಲಿಲ್ಲ.

ದವಾಖಾನೆಯ ಪಡಸಾಲೆಯಲ್ಲೂ ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದ.

"ಏ ನಿಂತಾವ, ಕುಂದ್ರು," ಎಂದ ಕಂಪೌಂಡರ್ ನಾಮದೇವ, ಚೀಟಿ ಹಂಚುತ್ತ. "ನಿಂತ್ರ ನಂಬರ್ ಲಗೂ ಬರಂಗಿಲ್ಲ."

"ಕುಂತ್ರ ಎಬ್ಬಸ್ಲಿಕ್ಕ ನೀ ಬರ್ತಿಯೇನು?"

"ಅಬಬಾ! ಈ ಬಾಯಿ ನೋಡಿದ್ರ ಬ್ಯಾನಿ ಇದ್ದಾವನಂಗ ಕಾಣಂಗಿಲ್ಲ."

"ಬ್ಯಾನಿ ಬಾಯಾಗಿಲ್ಲ, ನಡದಾಗ ಅದ."

ಬೆಂಚಿನ ಮೇಲಿದ್ದ ನಾಲ್ಕು ಮಂದಿ ನಕ್ಕರು. ಬಂದೇಅಲಿ ನಗಲಿಲ್ಲ. ಅವನು ಅಂಬರಾಯನ ಜೊತೆಗೆ ಬಂದವನು. ಖಣಿಯಲ್ಲಿ ಅವನ ಜೋಡಿ, ವಯಸ್ಸಿನಲ್ಲಿ ಇಪ್ಪತ್ತು ವರ್ಷ ದೊಡ್ಡವನು. ಒಂದು ದಿನದ ಕೂಲಿ ಬಿಟ್ಟು ಬಂದಿದ್ದ. "ಲೇ ಅಂಬ್ಯಾ, ಇಲ್ಲಿ ಜಗಳ ತಗೀಬ್ಯಾಡ," ಎಂದು ಮೆಲ್ಲಗೆ ಅಂದ. "ನಮಗ ಕಾಗದ ಬೇಕಾಗ್ಯದ, ನೆಪ್ಪಿರ್ಲಿ."

ಕಾಗದ. ಆ ಒಂದು ಕಾಗದಕ್ಕಾಗಿಯೇ ಇಷ್ಟೆಲ್ಲ.

ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ತೆಗೆಯುತ್ತಾರೆ. ತೆಗೆದ ಕಲ್ಲನ್ನು ಹಗ್ಗದಲ್ಲಿ ಬಿಗಿದು, ಬೊಂಬಿಗೆ ತೂಗುಹಾಕಿ, ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟು, ಆಳದ ತಗ್ಗಿನಿಂದ ಏರಿಯ ಮೇಲೆ ಲಾರಿಯತನಕ ಹೊರಬೇಕು. ಮೂರು ವರ್ಷದ ಹಿಂದೆ, ಹಸಿ ಏರಿಯ ಮೇಲೆ, ಅಂಬರಾಯನ ಕಾಲು ಜಾರಿತು. ಕಲ್ಲು ಬೀಳಲಿಲ್ಲ, ಅವನೂ ಬೀಳಲಿಲ್ಲ. ಆದರೆ ನಡದಲ್ಲಿ, ಸೊಂಟದ ಎಲುಬಿನ ಹತ್ತಿರ, ಏನೋ ಚಟ್ಟೆಂದಿತು. ಅವತ್ತಿನಿಂದ ಆ ನೋವು ಮನೆಯ ಅಳಿಯನಂತೆ ಬಂದು ಕೂತಿದೆ. ಹೊರಡು ಅನ್ನಲಾಗುವುದಿಲ್ಲ, ಉಪಚಾರ ತಪ್ಪಿಸುವಂತಿಲ್ಲ. ನಡದಿಂದ ಹೊರಟು ತೊಡೆಯ ಹಿಂದೆ ಇಳಿದು ಹಿಮ್ಮಡಿಯತನಕ ಉರಿಯುತ್ತದೆ. ಆಡಕಿಗೆ ಹೋಗಿ ಬೆನ್ನಿಗೆ ಆರು ಬರೆ ಹಾಕಿಸಿಕೊಂಡ. ಮುಧೋಳದಲ್ಲಿ ಎಣ್ಣೆ ತಿಕ್ಕಿಸಿಕೊಂಡ. ಸರ್ಕಾರಿ ದವಾಖಾನೆಯ ಬಿಳಿ ಗುಳಿಗೆ ನುಂಗಿ ಹೊಟ್ಟೆ ಕೆಡಿಸಿಕೊಂಡ. ಹೆಂಡತಿ ಸಾಬಮ್ಮ ದಿನಾ ಉಪ್ಪಿನ ಗಂಟು ಕಾಯಿಸಿ ಒತ್ತುತ್ತಾಳೆ. ನೋವು ಮಾತ್ರ ತನ್ನ ಪಾಡಿಗೆ ತಾನಿದೆ.

ಕಡೆಗೆ ಖಣಿಯ ಮೇಸ್ತ್ರಿ, ಮುಕಾದಮ ಚಂದ್ರಾಮಪ್ಪನ ಮುಂದೆ ನಿಂತು ಭಾರವಿಲ್ಲದ ಕೆಲಸ ಕೇಳಿದ್ದ. ಮುಕಾದಮ ಎಲೆ ಅಗಿಯುತ್ತ ಹೇಳಿದ್ದ: "ಬಾಯಿಮಾತು ನಡ್ಯಂಗಿಲ್ಲ. ನಡ ಹಿಡದದ ಅಂತ ದಿನಾ ಹತ್ತು ಮಂದಿ ಬರ್ತಾರ. ದೊಡ್ಡ ಡಾಕ್ಟರ್ ಕಡಿಂದ ಕಾಗದ ತಾ. ಇವನ ಕೈಲೆ ಭಾರ ಆಗಂಗಿಲ್ಲ ಅಂತ ಬರದಿರಬೇಕು. ಪಾಲಿಶ್ ಶೆಡ್ಡಿನಾಗ ಕಲ್ಲಿಗಿ ನೀರು ಬಿಡೋ ಜಾಗ ಒಂದು ಖಾಲಿ ಅದ. ಒಂದೇ ಅದ ಮತ್ತ."

ಪೈಪು ಹಿಡಿದು ನಿಲ್ಲುವ ಕೆಲಸ. ಅಂಬರಾಯನ ಅಪ್ಪ ಅದೇ ಖಣಿಯ ತಗ್ಗಿನಲ್ಲಿ ಸತ್ತಿದ್ದ. ನಾಲ್ಕನೇ ಇಯತ್ತೆಗೆ ಪಾಟಿ ಬಿಸಾಕಿ ಬೊಂಬು ಹೊತ್ತಿದ್ದ ಮಗ, ಅಪ್ಪನ ಹಾದಿ ಹಿಡಿಯದೆ ಬದುಕಬೇಕೆಂದರೆ ಈಗ ಉಳಿದದ್ದು ಆ ಪೈಪೊಂದೇ.

ಹನ್ನೊಂದಕ್ಕೆ ಅವನ ನಂಬರು ಬಂತು.

ಡಾಕ್ಟರು ವಯಸ್ಸಾದವರು, ದಣಿದಿದ್ದರು. ಅವನು ತಂದಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೆನ್ನಿನ ಬರೆಗಳನ್ನು ನೋಡಿ ಉರ್ದುವಿನಲ್ಲಿ ಏನೋ ಬೈದರು. ಅವರು ಉರ್ದುವಿನಲ್ಲಿ ಕೇಳುವುದು, ನಾಮದೇವ ಅದಕ್ಕೆ ತನ್ನ ಒಗ್ಗರಣೆ ಹಾಕಿ ಕನ್ನಡ ಮಾಡುವುದು, ಹೀಗೆ ನಡೆಯಿತು. ಅಂಗಾತ ಮಲಗಿಸಿ ಬಲಗಾಲು ನೆಟ್ಟಗೆ ಎತ್ತಿದರು. ಒಂದು ಗೇಣು ಏಳುವಷ್ಟರಲ್ಲಿ ಅಂಬರಾಯ "ಯವ್ವಾ!" ಎಂದು ಮೇಜಿನ ಅಂಚು ಹಿಡಿದ.

"ಏನ್ ಕೆಲಸ ಮಾಡ್ತಿ ಅಂತ ಕೇಳ್ತಾರ."

"ಪರ್ಸಿ ಹೊರ್ತೀನಿ."

"ಮೊದಲಲ್ಲೋ, ಈಗ?"

"ಈಗೂ ಅದೇ. ನಿನ್ನೀನೂ ಹೊತ್ತೀನಿ. ಒಂದು ಕಲ್ಲು ಒಂದು ಕ್ವಿಂಟಲ್ ಬೀಳ್ತದ, ಇಬ್ಬರ ನಡುವ. ದಿನಕ್ಕ ಮೂವತ್ತು ಕಲ್ಲು. ಒಂದು ದಿನಾನೂ ಖಾಡೆ ಮಾಡಿ ಮನ್ಯಾಗ ಕುಂತಿಲ್ಲ, ಬರಕೋ."

ಇದನ್ನು ಅವನು ಎದೆ ಸೆಟೆಸಿ ಹೇಳಿದ. ನೋವು ತಿನ್ನುತ್ತಿದ್ದರೂ ತನ್ನ ಪಾಲಿನ ಭಾರದಲ್ಲಿ ಗುಂಜಿ ಕಮ್ಮಿ ಮಾಡಿಲ್ಲ ಎನ್ನುವುದು ಆ ಮೂರು ವರ್ಷಗಳಲ್ಲಿ ಅವನಿಗೆ ಉಳಿದಿದ್ದ ಒಂದೇ ಮರ್ಯಾದೆ. ಅದರಿಂದಲೇ ಈ ಡಾಕ್ಟರಿಗೆ ತನ್ನ ಮೇಲೆ ಕನಿಕರ ಬರುತ್ತದೆ, ಇಷ್ಟು ನೋವಿನಲ್ಲಿ ಇಷ್ಟು ಹೊರುತ್ತಾನಲ್ಲ ಈ ಗಂಡಸು ಅಂದುಕೊಳ್ಳುತ್ತಾರೆ ಎಂದು ಅವನ ಎಣಿಕೆ.

ಡಾಕ್ಟರು ಚಷ್ಮಾ ತೆಗೆದರು. ಬಹಳ ಹೊತ್ತು ಮಾತಾಡಿದರು. ನಾಮದೇವನ ಮುಖದ ನಗೆ ಹೋಯಿತು.

"ಸಾಹೇಬ್ರು ಅಂತಾರ, ಫೋಟೋದಾಗ ಎಲುಬು ಚಲೋ ಅದ. ಕಾಲು ಮಾತ್ರ ಗೇಣು ಏಳಂಗಿಲ್ಲ. ಇಂಥಾ ಕಾಲು ಇದ್ದಾವ ಅರ್ಧ ಕ್ವಿಂಟಲ್ ಹೊತ್ತು ದಿನಕ್ಕ ಮೂವತ್ತು ಸಲ ಏರಿ ಏರ್ಲಿಕ್ಕ ಆಗಂಗೇ ಇಲ್ಲ. ಒಂದೋ ಕಾಲು ಸುಳ್ಳು ಹೇಳ್ಲಿಕತ್ತದ, ಇಲ್ಲಾ ಬಾಯಿ ಸುಳ್ಳು ಹೇಳ್ಲಿಕತ್ತದ."

"ಎರಡೂ ಖರೇ ಅವ!" ಅಂಬರಾಯ ಎದ್ದು ಕೂರಲು ಹೋಗಿ, ಆಗದೆ, ಮಗ್ಗುಲಾಗಿ ಮೊಣಕೈ ಊರಿದ. "ನನ್ನ ಜೋಡಿ ಹೊರಗ ಕುಂತಾನ. ಕೇಳ್ರಿ ಬೇಕಾದ್ರ!"

ಬಂದೇಅಲಿಯನ್ನು ಕರೆಸಿದರು. ಒಳಗೆ ಬಂದವನು ಎಡಗೈಯಲ್ಲಿ ಸಲಾಮು ಮಾಡಿದ. "ಬಲಗೈ ಮನ್ಯಾಗ ಇಟ್ಟು ಬಂದೀಯೇನು ಸಾಬ?" ಎಂದು ನಾಮದೇವ ಗದರಿದ. ಡಾಕ್ಟರು ನೇರವಾಗಿ ಉರ್ದುವಿನಲ್ಲೇ ಕೇಳಿದರು. ಆ ಮಾತು ಅಂಬರಾಯನಿಗೂ ತಿಳಿಯಿತು. ಖರೇ ಹೇಳು, ಈ ಹುಡುಗ ತನ್ನ ಪಾಲು ಹೊರುತ್ತಾನೋ, ಅಥವಾ ಇವನದನ್ನು ಮತ್ತೆ ಯಾರಾದರೂ ಹೊರುತ್ತಾರೋ?

ಖಣಿಯಲ್ಲಿ ಒಂದು ರಿವಾಜು ಉಂಟು. ಹೊಸ ಜೋಡಿ ಆದ ದಿನ ಇಬ್ಬರೂ ಬೊಂಬು ಮುಟ್ಟಿ, ಒಂದೇ ಬೆಲ್ಲದ ಹೆಂಟೆಯನ್ನು ಮುರಿದು ತಿನ್ನುತ್ತಾರೆ. ಅವತ್ತಿನಿಂದ, ಮನೆಮನೆಗಳ ನಡುವೆ ಜಗಳವಾದರೂ ಸರಿ, ನನ್ನ ಜೋಡಿ ಹಗುರ, ತನ್ನ ಪಾಲು ಹೊರುವುದಿಲ್ಲ ಎಂದು ಮೂರನೆಯವನ ಮುಂದೆ ಬಾಯಿ ಬಿಡಬಾರದು. ಆ ತಗ್ಗಿನಲ್ಲಿ ತಾಯಿ ಎತ್ತಿ ಬೈದರೂ ತಡೆದುಕೊಳ್ಳುತ್ತಾರೆ, 'ಹಗುರ' ಅಂದರೆ ಕಲ್ಲು ಎತ್ತಿಕೊಳ್ಳುತ್ತಾರೆ. ಹಗುರ ಅನ್ನಿಸಿಕೊಂಡವನಿಗೆ ಮತ್ತೆ ಯಾರೂ ಜೋಡಿ ಆಗುವುದಿಲ್ಲ.

ಬಂದೇಅಲಿ ಮೇಜಿನ ಮೇಲಿದ್ದ ಅಂಬರಾಯನನ್ನು ಒಮ್ಮೆ ನೋಡಿ ಡಾಕ್ಟರ ಕಡೆ ತಿರುಗಿದ. "ಬರಾಬರಿ ಹೊರ್ತಾನ ಸಾಹೇಬ್. ಒಂದು ತೊಲಿ ಕಮ್ಮಿ ಇಲ್ಲ."

"ಕಸಮ್?" ಎಂದು ಡಾಕ್ಟರು ಆಣೆ ಕೇಳಿದರು.

"ಕಸಮ್ ಯಾಕ್ರಿ ಸಾಹೇಬ್? ಹೇಳಿದೆನಲ್ಲ."

ಅಂಬರಾಯ ಗೆದ್ದವನಂತೆ ಡಾಕ್ಟರ ಮುಖ ನೋಡಿದ. ಡಾಕ್ಟರು ಅವನನ್ನು ನೋಡಲೇ ಇಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿ, ಗುಳಿಗೆಯ ಹೆಸರು ಬರೆದು, ಕಾಗದ ಹರಿದು ಕೊಟ್ಟು, ಮುಂದಿನವರನ್ನು ಕರೆದರು.

ರಾಜ್ಯಕ್ಕೆ ಕರ್ನಾಟಕ ಎಂದು ಹೊಸ ಹೆಸರಿಟ್ಟು ಎರಡು ವರ್ಷವಾಗಿತ್ತು. ಬೋರ್ಡುಗಳಿಗೆಲ್ಲ ಬಣ್ಣ ಬಳಿದಾಗಿತ್ತು. ಆದರೂ ಬಡವನ ಹಣೆಬರಹ ಇನ್ನೂ ಇಂಗ್ಲಿಷಿನಲ್ಲೇ. ಪಡಸಾಲೆಯಲ್ಲಿ ನಾಮದೇವನ ಕೈಕಾಲು ಹಿಡಿದು ಓದಿಸಿಕೊಳ್ಳಬೇಕಾಯಿತು.

"ನಡದಾಗ ಸಣ್ಣ ಬ್ಯಾನಿ ಅದ ಅಂತ ಬರ್ದಾರ. ಎಲುಬಿಗಿ ಏನೂ ಆಗಿಲ್ಲ. ಈಗ ಪೂರಾ ಭಾರದ ಕೆಲಸ ಮಾಡ್ಲಿಕತ್ತಾನ, ಮುಂದೂ ಮಾಡಬಹುದು."

ಅಂಬರಾಯ ಒಳಗೆ ನುಗ್ಗಲು ಹೋದ. ಬಾಗಿಲಿಗೆ ಒದೆಯಲು ನೋಡಿದ, ಕಾಲು ಏಳಲಿಲ್ಲ, ಗೋಡೆ ಹಿಡಿದು ಬಾಗಿ ನಿಂತ. ಬೆಂಚಿನ ಮೇಲೆ ಮತ್ತೆ ಯಾರೋ ನಕ್ಕರು. "ನಗ್ರಿ! ನಿಮ್ಮ ಪಾಳಿ ಬರ್ತದ!" ಎಂದು ಚೀರಿದ. "ಹೊರಲಿಲ್ಲ ಅಂದ್ರ ಮೈಗಳ್ಳ ಅಂತೀರಿ, ಹೊತ್ತೀನಿ ಅಂದ್ರ ಬ್ಯಾನಿ ಸುಳ್ಳು ಅಂತೀರಿ! ಬ್ಯಾನಿ ಖರೇ ಆಗಬೇಕಂದ್ರ ಸತ್ತು ಬರಬೇಕೇನು ನಿಮ್ಮ ದವಾಖಾನಿಗಿ?" ಬಂದೇಅಲಿ ಎಡಗೈಯಿಂದ ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ.

ಪ್ಲಾಟ್‌ಫಾರ್ಮಿನಲ್ಲಿ ಚಹಾ ಕೊಡಿಸಿ ಬಂದೇಅಲಿ ಹೇಳಿದ: "ಅಂಬ್ಯಾ, ಆ ಕಾಗದ ಮುಕಾದಮಗ ಕೊಡಬ್ಯಾಡ. ಡಾಕ್ಟರ್ ಬಂದಿಲ್ಲ ಅನ್ನು. ಹ್ಯಾಂಗ ನಡದದ ಹಂಗೇ ನಡೀಲಿ."

"ಯಾಕ ಮುಚ್ಚಿಡ್ಬೇಕು ಮಾಮಾ? ನಾ ಏನ್ ಕಳವು ಮಾಡೀನೇನು? ಕೊಡ್ತೀನಿ. ಕೊಟ್ಟು, ಡಾಕ್ಟರ್ ಸುಳ್ಳು ಬರ್ದಾನ ಅಂತ ಮಾರಿ ಮ್ಯಾಲ ಹೇಳ್ತೀನಿ. ನೀನೂ ಹೇಳು."

ಬಂದೇಅಲಿ ಎಡಗೈಯಲ್ಲಿ ಚಹಾದ ಲೋಟ ಎತ್ತಿಕೊಂಡು ಹಿಂದಕ್ಕೆ ಕೊಡಲು ಹೋದ.

ಮರುದಿನ ಮುಂಜಾನೆ ಮುಕಾದಮ ಕಾಗದವನ್ನು ಗುಮಾಸ್ತನಿಂದ ಓದಿಸಿ, ಖಣಿಯ ಅಂಚಿನಲ್ಲಿ ನಿಂತು, ತಗ್ಗಿನಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ. "ಏ, ಅಂಬರಾಯ ಪೈಲ್ವಾನ್ ಅಂತ ಹೈದರಾಬಾದ್ ಡಾಕ್ಟರ್ ಬರದು ಕೊಟ್ಟಾನ್ರೋ! ಪೈಲ್ವಾನಗ ಮುದುಕನ ಜೋಡಿ ಯಾಕ? ಜಿಲಾನಿ, ಬಾರೋ. ಇವತ್ತಿಂದ ಇವ ನಿನ್ನ ಜೋಡಿ."

ಜಿಲಾನಿ ಇಪ್ಪತ್ತೆರಡರ ಗಟ್ಟಿ ಆಳು, ಒಳ್ಳೆಯವನು. "ಬಾ ಅಣ್ಣಾ, ನೀ ಮುಂದ ಹಿಡಿ, ನಾ ಹಿಂದ ಕಟ್ತೀನಿ," ಅಂದ. ಅಂಬರಾಯ ಮುಂದೆ ಹೋಗಿ ಹೆಗಲು ಕೊಟ್ಟ. ಹದಿನಾಲ್ಕು ತಿಂಗಳಿಂದ ಅವನು ಮುಂದಿನ ಆಳು. ಅದಕ್ಕೂ ಮೊದಲು ಬಂದೇಅಲಿ ಮುಂದಿದ್ದ. ಒಂದು ದಿನ ತಾನಾಗಿಯೇ, "ನನಗ ದಾರಿ ಕಾಣವಲ್ದು, ನೀ ಮುಂದ ನಡಿ, ಹಗ್ಗ ನಾ ಕಟ್ತೀನಿ" ಎಂದು ಜಾಗ ಬಿಟ್ಟುಕೊಟ್ಟಿದ್ದ. ಮುಂದಿನ ಜಾಗ ಅಂದರೆ ದೊಡ್ಡಸ್ತಿಕೆ. ಹೆಜ್ಜೆ ಅವನದು, ಕೂಗು ಅವನದು. ಅಂಬರಾಯ ಹಿಗ್ಗಿಹೋಗಿದ್ದ. ಮುಂದೆ ನಡೆಯುವವನಿಗೆ ಬೆನ್ನ ಹಿಂದಿನ ಹಗ್ಗ ಮಾತ್ರ ಕಾಣುವುದಿಲ್ಲ.

"ಹೈಸಾ!" ಎಂದು ಎತ್ತಿದ.

ಎತ್ತಿದ್ದೇ ತಡ, ಇದು ಬೇರೆ ಕಲ್ಲು ಅನ್ನಿಸಿತು. ಹೆಗಲ ಮೇಲೆ ಯಾರೋ ಏರಿ ಕೂತಂತೆ ಬೊಂಬು ಒತ್ತಿತು. ಎರಡು ಹೆಜ್ಜೆ, ಮೂರು ಹೆಜ್ಜೆ. ನಾಲ್ಕನೆಯದಕ್ಕೆ ನಡದಿಂದ ಹಿಮ್ಮಡಿಯತನಕ ಬೆಂಕಿ ಹರಿದು, ಕಾಲು ಅವನದಲ್ಲ ಎನ್ನುವಂತೆ ಮಡಚಿತು. ಜಿಲಾನಿ ಕೂಗಿ ಪಕ್ಕಕ್ಕೆ ಹಾರಿದ. ಕಲ್ಲು ಬಿದ್ದು ಎರಡು ಹೋಳಾಯಿತು.

ಅಂಬರಾಯ ಮಣ್ಣಿನಲ್ಲಿ ಬೋರಲು ಬಿದ್ದು, ತಲೆಯೆತ್ತಿ ಮೊದಲು ಹೇಳಿದ ಮಾತು ಬೈಗುಳವೇ. "ಹಗ್ಗ ಎಲ್ಲಿ ಕಟ್ಟೀಯೋ ಸೂಳೇಮಗನ?"

"ನಟ್ಟನಡುವ ಅಣ್ಣಾ. ಎಲ್ಲಾರೂ ಕಟ್ಟೂದು ಅಲ್ಲೇ ಅಲ್ಲೇನು? ನೋಡು ಬೇಕಾದ್ರ."

ನೋಡಿದ. ಹಗ್ಗ ಬೊಂಬಿನ ನಟ್ಟನಡುವೆಯೇ ಇತ್ತು. ಬಂದೇಅಲಿಯ ಬೊಂಬು ಅಲ್ಲೇ ಮಗ್ಗುಲಲ್ಲಿ ಬಿದ್ದಿತ್ತು. ಹಗ್ಗ ತಿಕ್ಕಿ ತಿಕ್ಕಿ ನುಣುಪಾಗಿ ಹಳ್ಳ ಬಿದ್ದ ಗುರುತು ಅದರಲ್ಲಿ ನಡುವೆ ಇರಲಿಲ್ಲ. ಹಿಂದಿನ ತುದಿಯ ಕಡೆಗೆ, ಎರಡು ಗೇಣು ಸರಿದು, ಹಿಂದಿನವನ ಹೆಗಲಿಗೆ ಹತ್ತಿರ ಇತ್ತು. ಹಗ್ಗ ಯಾರ ಕಡೆ ಸರಿಯುತ್ತದೋ ಭಾರ ಅವನದು. ಇದನ್ನು ಖಣಿಯ ಕೂಸಿಗೂ ಹೇಳಿಕೊಡಬೇಕಾಗಿಲ್ಲ.

ಹದಿನಾಲ್ಕು ತಿಂಗಳು. ಡಾಕ್ಟರು ಬೇಕೆಂದು ಸುಳ್ಳು ಬರೆದಿರಲಿಲ್ಲ, ಕೇಳಿದ್ದನ್ನೇ ಬರೆದಿದ್ದರು. ಕಾಲೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ತನ್ನ ಬಾಯಿ, ಅದಕ್ಕೆ ಸಾಕ್ಷಿ ಹೇಳಿದ್ದು ಬಂದೇಅಲಿ. ಬಂದೇಅಲಿ ಬೇರೆ ಕಡೆ ಮುಖ ತಿರುಗಿಸಿ ಬೀಡಿ ಹುಡುಕುತ್ತಿದ್ದ. ಅಂಬರಾಯನಿಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ನನ್ನ ಮರ್ಯಾದೆಯನ್ನು ಇವನು ಹೆಳವನನ್ನು ಹೊತ್ತಂತೆ ಹೊತ್ತುಕೊಂಡು ತಿರುಗಿದನಲ್ಲ, ನನಗೇ ಹೇಳದೆ!

ಆ ಸಿಟ್ಟಿನಲ್ಲೇ, ಎಲ್ಲರ ಮುಂದೆ ಕೂಗಿದ. "ಮುಕಾದಮ್ರ, ನಾ ಹಗುರ ಇದ್ದೀನಿ! ಇವತ್ತಲ್ಲ, ವರ್ಷದಿಂದ ಹಗುರ! ನನ್ನ ಪಾಲು ಬಂದೇಅಲಿ ಮಾಮಾ ಹೊತ್ತಾನ. ಆ ಬೊಂಬು ನೋಡ್ರಿ."

ತಗ್ಗಿನಲ್ಲಿ ಉಳಿ ಹಿಡಿದವರ ಕೈಗಳು ನಿಂತವು. ತನ್ನನ್ನು ತಾನೇ ಹಗುರ ಅಂದುಕೊಂಡವನನ್ನು ಆ ಖಣಿ ಹಿಂದೆ ಕಂಡಿರಲಿಲ್ಲ.

ಚಂದ್ರಾಮಪ್ಪ ಇಳಿದು ಬಂದು ಬೊಂಬು ನೋಡಿದ, ಎರಡು ಹೋಳಾದ ಕಲ್ಲು ನೋಡಿದ, ಬಂದೇಅಲಿಯನ್ನು ಅಡಿಯಿಂದ ಮುಡಿಯತನಕ ನೋಡಿದ. ಹಾಗೆ ನೋಡಿ ಅವನು ತೆಗೆದ ಲೆಕ್ಕ ಮುಕಾದಮನ ಲೆಕ್ಕ. "ಅಲಾ ಇವನ! ಒಂದೂವರಿ ಆಳಿನ ಭಾರ ವರ್ಷಗಟ್ಲೆ ಹೊತ್ತೀಯಲ್ಲೋ ಸಾಬ? ಇಷ್ಟು ಕಸುವು ಇಟ್ಕೊಂಡು ಸಣ್ಣ ಕಲ್ಲು ಹೊತ್ತು ನಮಗ ಟೋಪಿ ಹಾಕ್ತಿದ್ದಿ? ಜಿಲಾನಿ, ಇವನ್ನ ತಗೋ. ನೀವಿಬ್ರೂ ಆರು ಫೂಟಿನ ದೊಡ್ಡ ಕಲ್ಲು ತಗೀರಿ. ಲೇ ಅಂಬರಾಯ, ನೀ ಶೆಡ್ಡಿಗಿ ಹೋಗಿ ಪೈಪ್ ಹಿಡಿ. ನನ್ನ ತಲಿ ಮ್ಯಾಲ ಸಾಯಬ್ಯಾಡ."

ಕಾಗದವಿಲ್ಲದೆಯೇ ಕೆಲಸ ಸಿಕ್ಕಿತು. ಅಷ್ಟು ಬೇಡಿದರೂ ಸಿಗದ್ದು ಒಂದು ಮಾತಿನಲ್ಲಿ ಆಯಿತು. ಅಂಬರಾಯ ಶೆಡ್ಡಿನಲ್ಲಿ ಪೈಪು ಹಿಡಿದು ನಿಂತ. ಕಲ್ಲಿನ ಮೇಲೆ ತಿರುಗುವ ಚಕ್ರಕ್ಕೆ ನೀರು ಬಿಡುತ್ತ, ನೋಡಬಾರದು ಅಂದುಕೊಂಡರೂ, ಏರಿಯ ಕಡೆಯೇ ನೋಡುತ್ತಿದ್ದ. ಎರಡು ಕ್ವಿಂಟಲಿಗೆ ಹತ್ತಿರವಿದ್ದ ದೊಡ್ಡ ಕಲ್ಲುಗಳು ಮೇಲೆ ಬರುತ್ತಿದ್ದವು. ಮುಂದೆ ಬಂದೇಅಲಿ, ಹಿಂದೆ ಜಿಲಾನಿ. ಜಿಲಾನಿ ಹಗ್ಗವನ್ನು ನಡುವೆಯೇ ಕಟ್ಟಿದ್ದ, ಅವನ ತಪ್ಪಿಲ್ಲ. ಎಳೆಯ ಕಾಲಿನ ಓಟ ಅವನದು. ಬಂದೇಅಲಿ ಬೊಂಬನ್ನು ಎಡಹೆಗಲಿಗೆ ಹಾಕಿಕೊಂಡಿದ್ದ. ಬಲಗೈ ಎದೆಗೆ ಅಂಟಿಕೊಂಡಿತ್ತು. ಮೂರನೆಯ ಕಲ್ಲಿಗೆ ಅವನ ಬಾಯಿ ತೆರೆದೇ ಉಳಿಯಿತು. ಐದನೆಯದಕ್ಕೆ ಏರಿಯ ನಡುವೆ ನಿಂತ. ಜಿಲಾನಿ ಹಿಂದಿನಿಂದ ಏನೋ ಕೇಳಿದ. ಬಂದೇಅಲಿ ತಲೆಯಾಡಿಸಿ ಮತ್ತೆ ಹತ್ತಿದ.

ಊಟದ ಹೊತ್ತಿಗೆ ಅಂಬರಾಯ ಹೋಗಿ ಅವನ ಮುಂದೆ ನಿಂತ. ಬಂದೇಅಲಿ ಬೇವಿನ ಗಿಡದ ಕೆಳಗೆ ಎಡಗೈಯಿಂದ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ.

"ಮಾಮಾ, ಅಂಗಿ ತಗಿ."

"ಹೋಗೋ. ನಿನ್ನ ಮಾರಿ ನೋಡಬಾರ್ದು ಅನ್ಕೊಂಡೀನಿ."

ಅಂಬರಾಯ ಅಂಗಿಯ ಕೊರಳು ಹಿಡಿದು ಎಳೆದ. ಬಲಹೆಗಲು ನೋಡಿದ. ಬೊಂಬು ಕೂರುವಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅದು ಎಲ್ಲರಿಗೂ ಇರುತ್ತದೆ. ಆದರೆ ಅದರ ಕೆಳಗೆ ತೋಳು ತನ್ನ ಜಾಗ ಬಿಟ್ಟು ಇಳಿದಂತಿತ್ತು. ಸುತ್ತ ಮಾಂಸ ಒಣಗಿ ಗುಳಿ ಬಿದ್ದಿತ್ತು. ಬೆರಳು ತಾಗಿಸಿದ್ದೇ ತಡ, ಬಂದೇಅಲಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದ.

"ಎಷ್ಟು ದಿನ ಆಯ್ತು ಇದು?"

"ದಸರಾದಿಂದ."

"ನಿನ್ನೆ ಆ ಎಲುಬಿನ ಡಾಕ್ಟರ್ ಮುಂದ ನಿಂತಿದ್ದಿಯಲ್ಲಾ! ಅವನ ಮುಂದ ಒಂದು ಮಾತು ಹೇಳಿದ್ರ ನನಗೂ ಕಾಗದ ಸಿಗ್ತಿತ್ತು, ನಿನಗೂ ಔಷಧ ಸಿಗ್ತಿತ್ತು. ಯಾಕ ಸುಳ್ಳು ಹೇಳ್ದಿ?"

"ಬೆಲ್ಲ ತಿಂದಿಲ್ಲೇನೋ ನಾವು? ಹೊರಗಿನವನ ಮುಂದ ನನ್ನ ಜೋಡಿ ಹಗುರ ಅನ್ಲೇನು? ಹಂಗ ಅಂದ ಬಾಯಿ ಯಾವುದಾದ್ರೂ ಕೇಳೀಯೇನು ನೀನು?" ಬಂದೇಅಲಿ ಅಂಗಿ ಮೇಲೆಳೆದುಕೊಂಡ. "ಈಗ ನೀನೇ ಚೀರಿ ಹೇಳ್ದಿ. ನಿನಗ ಶೆಡ್ಡ್ ಸಿಕ್ತು, ನನಗ ಆರು ಫೂಟು ಸಿಕ್ತು. ಸಾಕು. ಈ ಹೆಗಲಿನ ಮಾತು ಮಾತ್ರ ಎಲ್ಲೂ ತಗೀಬ್ಯಾಡ. ಕೈ ಹೋಗ್ಯದ ಅಂತ ಗೊತ್ತಾದ್ರ ಮುಕಾದಮ ನಾಳಿ ಗೇಟ್ ಹೊರಗ ನಿಲ್ಲಸ್ತಾನ. ಶೆಡ್ಡಿನಾಗಿದ್ದ ಒಂದು ಜಾಗಾನೂ ತುಂಬ್ಯದ. ಮನ್ಯಾಗ ಮಗಳು ತಾಜುನ್ನಿಸಾ ಇದ್ದಾಳ, ಅವಳ ತಾಯಿ ಇದ್ದಾಳ. ಹೇಳಬ್ಯಾಡ. ಬೆಲ್ಲದ ಆಣಿ ಅದ ನಿನಗ."

ಅಂಬರಾಯನಿಗೆ ನಿಲ್ಲಲಾಗುತ್ತಿರಲಿಲ್ಲ. ಕೂತರೆ ಏಳಲಾಗುತ್ತಿರಲಿಲ್ಲ. ಬೇವಿನ ಗಿಡಕ್ಕೆ ಕೈ ಕೊಟ್ಟ. ಹೇಳಿದರೆ ಬಂದೇಅಲಿ ಗೇಟಿನ ಹೊರಗೆ. ಹೇಳದಿದ್ದರೆ ನಾಡಿದ್ದೋ ಆಚೆ ನಾಡಿದ್ದೋ ಆ ಕಲ್ಲಿನ ಕೆಳಗೆ. ಕಲ್ಲಿನ ಕೆಳಗಿನಿಂದ ಅಪ್ಪನನ್ನು ಎತ್ತಿದಾಗ ಕಂಡದ್ದು ಅವನಿಗೆ ನೆನಪಿತ್ತು. ಅಪ್ಪನಿಗೆ ಭಾರ ತಡೆಯುತ್ತಿಲ್ಲ ಎಂಬುದು ಅವನ ಜೋಡಿಯವನಿಗೆ ಮೊದಲೇ ಗೊತ್ತಿತ್ತು ಎಂದು ಆಮೇಲೆ ಜನ ಆಡಿಕೊಂಡಿದ್ದರು. ಅವನು ಬಾಯಿ ಬಿಟ್ಟಿರಲಿಲ್ಲ. ಭಾಳ ನೀತಿವಂತ ಅಂತ ಅವನಿಗೆ ಹೆಸರು ಬಂದಿತ್ತು.

"ಮಾಮಾ," ಎಂದ. ಸಿಟ್ಟಿನ ದನಿಯಲ್ಲ, ಆದರೆ ಮೆತ್ತಗೂ ಇರಲಿಲ್ಲ. "ಬೆಲ್ಲದ ಆಣಿ ಯಾರಿಗಿ?"

"ಜೋಡಿಯವನಿಗಿ."

"ಇವತ್ತು ಮುಂಜಾನಿಂದ ನಿನ್ನ ಜೋಡಿ ಜಿಲಾನಿ. ನಾ ಅಲ್ಲ."

ಬಂದೇಅಲಿಯ ಕೈಯಲ್ಲಿ ರೊಟ್ಟಿ ನಿಂತಿತು. ಮಾತಿನ ಅರ್ಥ ಹತ್ತಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಏಳಲು ಹೋದ, ಊರಿದ ಬಲಗೈ ತಡೆಯದೆ ಮತ್ತೆ ಕೂತ. "ಲೇ! ಅಂಬ್ಯಾ! ಹೇಳ್ದಿ ಅಂದ್ರ ನಿನ್ನ ಮನಿ ಹಾಳಾಗ್ಲಿ! ನಿಂದ್ರೋ! ಹುಟ್ಟಾ ಹರಾಮಿ!"

ಅಂಬರಾಯ ಆಗಲೇ ನಡೆಯತೊಡಗಿದ್ದ. ಮುಕಾದಮ ಕಚೇರಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಅಲ್ಲಿಗೆ ಇನ್ನೂರು ಹೆಜ್ಜೆ. ಹೋಗಿ ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಆ ಹೆಗಲು ಹೋಗಿದೆ, ಪೈಪು ಅವನ ಕೈಗೆ ಕೊಡು. ತನ್ನ ಕೈಗೆ ಏನು ಉಳಿಯುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ. ಮುಕಾದಮ ಪೈಪು ಬಂದೇಅಲಿಗೆ ಕೊಡುತ್ತಾನೋ, ಇಬ್ಬರನ್ನೂ ಗೇಟಿನ ಹೊರಗೆ ಹಾಕುತ್ತಾನೋ, ಅದೂ ಗೊತ್ತಿರಲಿಲ್ಲ. ಬಲಗಾಲು ಎಳೆಯುತ್ತ, ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ನಡದತನಕ ಉರಿಯುತ್ತ ನಡೆದ. ಹಿಂದೆ ಬಂದೇಅಲಿ ಬೈಯುತ್ತಲೇ ಇದ್ದ, ಖಣಿಗೆಲ್ಲ ಕೇಳುವಂತೆ.